ಸೊಂಟಕ್ಕೆ ಅರ್ಧ ಕೀಲು: ಬಾಳಿಕೆಯ ಲೆಕ್ಕ ಬರೆದಿಡುವವರು ಯಾರು?

ಬೆಂಗಳೂರು: ಸೊಂಟದ ಕೀಲು ಸವೆದು ನಡೆಯುವುದೇ ದುಸ್ತರವಾದ ರೋಗಿಯು ಮೂಳೆ ತಜ್ಞರೆದುರು ಕುಳಿತಾಗ ಮೊದಲು ಕೇಳುವುದು ಖರ್ಚನ್ನು. ಎರಡನೆಯ ಪ್ರಶ್ನೆ, 'ಡಾಕ್ಟ್ರೇ, ಇದು ಎಷ್ಟು ವರ್ಷ ಬರುತ್ತೆ?' ಎಂಬುದು. ಹದಿನೈದು ವರ್ಷ, ಇಪ್ಪತ್ತು ವರ್ಷ ಎಂಬ ಉತ್ತರವೂ ಸಾಮಾನ್ಯವಾಗಿ ಸಿಗುತ್ತದೆ. ಉತ್ತರ ಸುಳ್ಳಲ್ಲ. ಆದರೆ ಆ ಅಂಕಿ ಹುಟ್ಟಿದ್ದು ಫಿನ್‌ಲೆಂಡ್, ಆಸ್ಟ್ರೇಲಿಯ, ಇಂಗ್ಲೆಂಡ್‌ಗಳ ರೋಗಿಗಳ ದಾಖಲೆಯಿಂದ. ಮಂಡ್ಯದ ರೈತನಿಗೋ ಪೀಣ್ಯದ ಕಾರ್ಮಿಕನಿಗೋ ಕೂರಿಸಿದ ಕೀಲು ನಿಜಕ್ಕೂ ಎಷ್ಟು ವರ್ಷ ಬಾಳಿತು ಎಂಬುದನ್ನು ಕಡ್ಡಾಯವಾಗಿ ಬರೆದಿಡುವ ವ್ಯವಸ್ಥೆ ಈ ದೇಶದಲ್ಲಿಲ್ಲ.

ಪೂರ್ತಿ ಕೀಲು ಬದಲಾಯಿಸಿಕೊಂಡವರಿಗಿಂತ 'ಅರ್ಧ' ದಾರಿ ಹಿಡಿದವರನ್ನು ಈ ಕೊರತೆ ಹೆಚ್ಚು ಬಾಧಿಸುತ್ತದೆ. ಮೂಳೆ ಉಳಿಯುತ್ತದೆ, ಕೊಯ್ಲು ಕಡಿಮೆ, ಮುಂದೆ ಬೇಕಾದರೆ ಪೂರ್ತಿ ಬದಲಾಯಿಸಬಹುದು ಎಂಬ ಭರವಸೆಯ ಮೇಲೆ ನಿಂತ ಚಿಕಿತ್ಸೆಗಳು ಇವು. ಭರವಸೆ ನಿಜವಾಯಿತೇ ಇಲ್ಲವೇ ಎಂದು ತಿಳಿಯಲು ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ರೋಗಿಯ ಬೆನ್ನು ಬಿಡದೆ ಲೆಕ್ಕ ಇಟ್ಟ ದೇಶಗಳಲ್ಲಿ ಹೊರಬಿದ್ದ ಸಂಗತಿಗಳು ಅಷ್ಟೇನೂ ಹಿತಕರವಾಗಿಲ್ಲ.

ಗುಂಡು ಮತ್ತು ಬಟ್ಟಲು

ಸೊಂಟದ ಕೀಲಿನ ರಚನೆ ಸರಳ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು, ಅದು ತಿರುಗಲು ಕಟಿಮೂಳೆಯಲ್ಲಿ ಒಂದು ಬಟ್ಟಲು. ಎರಡರ ಮೈಗೂ ನುಣುಪಾದ ಮೃದ್ವಸ್ಥಿಯ ಲೇಪ. ಸಂಧಿವಾತದಲ್ಲಿ ಈ ಲೇಪ ಸವೆದು ಮೂಳೆಗೆ ಮೂಳೆ ಉಜ್ಜತೊಡಗುತ್ತದೆ. ಪೂರ್ಣ ಬದಲಾವಣೆಯಲ್ಲಿ ಗುಂಡು, ಬಟ್ಟಲು ಎರಡನ್ನೂ ತೆಗೆದು ಕೃತಕವಾದವನ್ನು ಕೂರಿಸುತ್ತಾರೆ.

'ಅರ್ಧ' ಎಂಬ ಮಾತು ಎರಡು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳಿಗೆ ಬಳಕೆಯಾಗುತ್ತದೆ. ಒಂದರಲ್ಲಿ ಗುಂಡನ್ನು ಮಾತ್ರ ಕತ್ತರಿಸಿ ಲೋಹದ ಗುಂಡನ್ನು ಕಾಂಡಸಮೇತ ತೊಡೆಮೂಳೆಯೊಳಗೆ ಇಳಿಸಲಾಗುತ್ತದೆ. ಬಟ್ಟಲು ರೋಗಿಯದ್ದೇ ಉಳಿಯುತ್ತದೆ. ಇನ್ನೊಂದರ ಹೆಸರು ರಿಸರ್ಫೇಸಿಂಗ್. ಇದರಲ್ಲಿ ಗುಂಡನ್ನು ಕತ್ತರಿಸುವುದಿಲ್ಲ, ಮೇಲ್ಮೈಯನ್ನು ಹೆರೆದು ಲೋಹದ ಟೋಪಿ ತೊಡಿಸುತ್ತಾರೆ. ಬಟ್ಟಲಿಗೂ ಲೋಹದ ಒಳಪದರ ಕೂರಿಸುತ್ತಾರೆ. ಮೊದಲನೆಯದು ಬಟ್ಟಲನ್ನು ಉಳಿಸುತ್ತದೆ, ಎರಡನೆಯದು ಗುಂಡಿನ ಬಹುಭಾಗವನ್ನು ಉಳಿಸುತ್ತದೆ. ರೋಗಿಗಳ ಮಾತಿನಲ್ಲಿ ಎರಡೂ ಕಲಸಿಹೋಗುವುದುಂಟು. ಇವೆರಡರ ದೀರ್ಘಕಾಲದ ಫಲಿತಾಂಶ ಬೇರೆ ಬೇರೆಯಾದುದರಿಂದ ತನಗೆ ಹೇಳುತ್ತಿರುವುದು ಯಾವುದು ಎಂದು ರೋಗಿ ಮೊದಲೇ ಖಚಿತಪಡಿಸಿಕೊಳ್ಳುವುದು ಅಗತ್ಯ.

ಮೊದಲ ಬಗೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಮುರಿತಕ್ಕೆ. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡ ಎಪ್ಪತ್ತು, ಎಂಬತ್ತರ ಹಿರಿಯರಿಗೆ ಇದು ಒಪ್ಪಿತ ಚಿಕಿತ್ಸೆ. 1950ರ ದಶಕದಲ್ಲಿ ಬಳಕೆಗೆ ಬಂದ ಆಸ್ಟಿನ್ ಮೂರ್ ಮತ್ತು ಥಾಮ್ಸನ್ ಕೀಲುಗಳು, 1974ರ ಸುಮಾರಿಗೆ ಬಂದ ಬೈಪೋಲಾರ್ ಕೀಲು ಈ ಗುಂಪಿನವು. ಅಗ್ಗ, ಬೇಗ ಮುಗಿಯುತ್ತದೆ, ರಕ್ತಸ್ರಾವ ಕಡಿಮೆ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ 2019ರಲ್ಲಿ ಪ್ರಕಟವಾದ, 10 ದೇಶಗಳ 1,495 ರೋಗಿಗಳನ್ನು ಒಳಗೊಂಡ ಪ್ರಯೋಗವೊಂದು ಮುರಿತದ ರೋಗಿಗಳಲ್ಲಿ ಅರ್ಧ ಹಾಗೂ ಪೂರ್ಣ ಕೀಲುಗಳನ್ನು ಹೋಲಿಸಿತು. ಎರಡು ವರ್ಷದೊಳಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದವರು ಪೂರ್ಣ ಕೀಲಿನವರಲ್ಲಿ ಶೇ 7.9, ಅರ್ಧ ಕೀಲಿನವರಲ್ಲಿ ಶೇ 8.3. ಅಂದರೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ.

ಈ ಅಂಕಿಯನ್ನು ಓದುವಾಗ ತುಸು ಎಚ್ಚರ ಬೇಕು. ಎರಡು ವರ್ಷ ಎಂಬುದು ಕೀಲಿನ ಆಯುಷ್ಯದಲ್ಲಿ ಬಾಲ್ಯ ಮಾತ್ರ. ಮೇಲಾಗಿ, ಸೊಂಟ ಮುರಿದುಕೊಂಡ ವೃದ್ಧರಲ್ಲಿ ಐವರಲ್ಲಿ ಒಬ್ಬರೋ ಅದಕ್ಕಿಂತ ಹೆಚ್ಚೋ ಒಂದು ವರ್ಷದೊಳಗೇ ತೀರಿಕೊಳ್ಳುತ್ತಾರೆಂದು ಅನೇಕ ದೇಶಗಳ ಅಧ್ಯಯನಗಳು ಹೇಳಿವೆ. ಲೋಹದ ಗುಂಡು ಬಟ್ಟಲಿನ ಮೃದ್ವಸ್ಥಿಯನ್ನು ಕೊರೆಯಲು ವರ್ಷಗಳು ಬೇಕು. ಅಷ್ಟು ಹೊತ್ತಿಗೆ ಅನೇಕರು ಬದುಕಿರುವುದೇ ಇಲ್ಲ. ಕೀಲು 'ವಿಫಲವಾಗಲಿಲ್ಲ' ಎಂದು ದಾಖಲೆಯಲ್ಲಿ ಉಳಿಯುತ್ತದೆ. ವೃದ್ಧರ ಮುರಿತದ ಈ ಯಶಸ್ಸನ್ನು ನಲವತ್ತರ ಸಂಧಿವಾತ ರೋಗಿಗೆ ಹೊಂದಿಸುವುದು ತಪ್ಪು ಲೆಕ್ಕವಾಗುತ್ತದೆ.

ಸಂಧಿವಾತದಲ್ಲಿ ಕೆಟ್ಟಿರುವುದು ಗುಂಡು ಮಾತ್ರವಲ್ಲ, ಬಟ್ಟಲೂ ಹೌದು. ಕೆಟ್ಟ ಬಟ್ಟಲಿನಲ್ಲಿ ಹೊಸ ಲೋಹದ ಗುಂಡು ತಿರುಗಿಸಿದರೆ ತೊಡೆಸಂದಿನ ನೋವು ಉಳಿಯುತ್ತದೆ, ಸವೆತ ಬೆಳೆಯುತ್ತದೆ. ಆದ್ದರಿಂದಲೇ ಸಂಧಿವಾತಕ್ಕೆ ಕಾಂಡಸಹಿತ ಅರ್ಧ ಕೀಲನ್ನು ಇಂದು ಬಹುಮಟ್ಟಿಗೆ ಕೈಬಿಡಲಾಗಿದೆ. ಈ ತಿಳಿವಳಿಕೆ ಪುಕ್ಕಟೆಯಾಗಿ ಬಂದದ್ದಲ್ಲ.

ಕಿರುಗುಟ್ಟಿದ ಕೀಲು

1946ರಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು ಅಕ್ರಿಲಿಕ್ ಗುಂಡಿನ ಅರ್ಧ ಕೀಲನ್ನು ಬಳಕೆಗೆ ತಂದರು. ಸಂಧಿವಾತದ ರೋಗಿಗಳು ನೋವಿಲ್ಲದೆ ಎದ್ದು ನಡೆದರು. ಯುರೋಪಿನಾದ್ಯಂತ ವೈದ್ಯರು ಅದನ್ನೇ ಅನುಸರಿಸಿದರು. ಕೆಲವೇ ವರ್ಷಗಳಲ್ಲಿ ಅಕ್ರಿಲಿಕ್ ಸವೆಯಿತು, ಒಡೆಯಿತು, ಸಡಿಲವಾಯಿತು. ಅಂಥ ಕೀಲು ಹಾಕಿಸಿಕೊಂಡ ಒಬ್ಬಾತ ಮುಂದಕ್ಕೆ ಬಾಗಿದಾಗಲೆಲ್ಲ ಸೊಂಟ ಕಿರುಗುಟ್ಟುತ್ತಿತ್ತಂತೆ. ಆ ಸದ್ದು ತಾಳಲಾರದೆ ಹೆಂಡತಿ ಕೋಣೆ ಬಿಟ್ಟು ಹೋಗುತ್ತಿದ್ದಳಂತೆ. ಕೀಲು ಸವೆತದ ಬಗ್ಗೆ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಯೋಚಿಸತೊಡಗಿದ್ದು ಈ ಕಿರುಗುಟ್ಟುವಿಕೆಯಿಂದ ಎಂಬುದು ಮೂಳೆ ವೈದ್ಯರ ನಡುವೆ ಬಹಳ ಪ್ರಚಲಿತ ಕಥೆ.

ಚಾರ್ನ್‌ಲಿ ಕೂಡ ಮೊದಲು ಎಡವಿದರು. 1950ರ ದಶಕದ ಕೊನೆಯಲ್ಲಿ ಅವರು ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಸುಮಾರು 300 ರೋಗಿಗಳಿಗೆ ಅದನ್ನು ಕೂರಿಸಿದ ಮೇಲೆ ಟೆಫ್ಲಾನ್ ಬೇಗ ಸವೆಯುವುದೂ, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸುವುದೂ ಗೊತ್ತಾಯಿತು. ಆ ಪುಡಿಯನ್ನು ತಮ್ಮದೇ ತೊಡೆಯೊಳಗೆ ಸೇರಿಸಿಕೊಂಡು ಅವರು ಪರೀಕ್ಷಿಸಿದರು. 1962ರ ನವೆಂಬರಿನಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅಧಿಕ ಸಾಂದ್ರತೆಯ ಪಾಲಿಎಥಿಲೀನ್ ಬಟ್ಟಲಿಗೆ ಬದಲಾದರು. ಇಂದಿನ ಪೂರ್ಣ ಕೀಲು ಆ ಕುಲದ್ದೇ. ರೋಗಿ ತೀರಿಕೊಂಡ ನಂತರ ಕೀಲನ್ನು ಹೊರತೆಗೆದು ಪರೀಕ್ಷಿಸಲು ಅವರು ಮೊದಲೇ ಒಪ್ಪಿಗೆ ಪಡೆಯುತ್ತಿದ್ದರು. ತಮ್ಮಲ್ಲಿ ಬಂದು ಕಲಿಯದ ವೈದ್ಯರಿಗೆ ಆರಂಭದಲ್ಲಿ ಆ ಕೀಲು ಮಾರಾಟವಾಗದಂತೆಯೂ ನೋಡಿಕೊಂಡರು. ಕೀಲಿನ ಯಶಸ್ಸಿನಷ್ಟೇ ಈ ಹಟವೂ ಮುಖ್ಯ. ನಂತರದ ಪೀಳಿಗೆ ಅದನ್ನೇ ಮರೆತಂತಿದೆ.

ಟೆನಿಸ್ ಆಟಗಾರನ ಸೊಂಟ

ರಿಸರ್ಫೇಸಿಂಗ್‌ನ ಹೆಸರು ಸಾಮಾನ್ಯ ಓದುಗರ ಕಿವಿಗೆ ಬಿದ್ದದ್ದು ಬಹುಶಃ ಆಂಡಿ ಮರ್‍ರೆಯಿಂದ. 2019ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕಣ್ಣೀರಿಡುತ್ತ ನಿವೃತ್ತಿಯ ಮಾತಾಡಿದ್ದ, 31 ವರ್ಷದ ಆ ಬ್ರಿಟಿಷ್ ಆಟಗಾರ ಅದೇ ತಿಂಗಳು ಲಂಡನ್ನಿನಲ್ಲಿ ಸೊಂಟಕ್ಕೆ ಲೋಹದ ಟೋಪಿ ಹಾಕಿಸಿಕೊಂಡರು. ಒಂಬತ್ತೇ ತಿಂಗಳಲ್ಲಿ ಆಂಟ್‌ವರ್ಪ್ ಟೂರ್ನಿಯ ಸಿಂಗಲ್ಸ್ ಪ್ರಶಸ್ತಿ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಆಡಿದರು. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿಗೂ ಸಿಗಲಾರದು.

ಮರ್‍ರೆಯ ಕಥೆ ನಿಜ. ಆದರೆ ಅದು ಯಾರ ಕಥೆ ಎಂಬುದನ್ನು ಗಮನಿಸಬೇಕು. ದೊಡ್ಡ ಮೈಕಟ್ಟಿನ, ಗಟ್ಟಿ ಮೂಳೆಯ, ಯುವ ಪುರುಷ. ರಿಸರ್ಫೇಸಿಂಗ್ ಚೆನ್ನಾಗಿ ನಡೆಯುವುದು ಇಂಥವರಲ್ಲೇ ಎಂದು ಅಂಕಿ ಅಂಶಗಳೂ ಹೇಳುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಾಷ್ಟ್ರೀಯ ಕೀಲು ನೋಂದಣಿಯ ದಾಖಲೆಗಳನ್ನು ಆಧರಿಸಿ 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸುಮಾರು 32 ಸಾವಿರ ರಿಸರ್ಫೇಸಿಂಗ್‌ಗಳ ಗತಿಯನ್ನು ಪರಿಶೀಲಿಸಲಾಗಿತ್ತು. 55 ವರ್ಷದ ಮಹಿಳೆಗೆ 42 ಮಿಲಿಮೀಟರ್ ಗಾತ್ರದ ಟೋಪಿ ಹಾಕಿದರೆ ಐದು ವರ್ಷದೊಳಗೆ ಮರುಶಸ್ತ್ರಚಿಕಿತ್ಸೆಯ ಅಂದಾಜು ಪ್ರಮಾಣ ಶೇ 8.3. ಅದೇ ಮಹಿಳೆಗೆ ಸಿಮೆಂಟಿನಿಂದ ಕೂರಿಸುವ ಹಳೆಯ ಬಗೆಯ ಪೂರ್ಣ ಕೀಲು ಹಾಕಿದ್ದರೆ ಶೇ 1.5 ಮಾತ್ರ. ಅದೇ ವಯಸ್ಸಿನ ಪುರುಷನಿಗೆ 54 ಮಿಲಿಮೀಟರ್ ಟೋಪಿಯಾದರೆ ಶೇ 2.6, ಪೂರ್ಣ ಕೀಲಿನಲ್ಲಿ ಶೇ 1.9.

ಅಂದರೆ ದೊಡ್ಡ ಗಾತ್ರದ ಪುರುಷರಲ್ಲಿ ರಿಸರ್ಫೇಸಿಂಗ್ ಹಳೆಯ ಕೀಲಿಗೆ ಹತ್ತಿರ ಬರುತ್ತದೆ. ಮಹಿಳೆಯರಲ್ಲಿ, ಗಾತ್ರ ಯಾವುದೇ ಇರಲಿ, ಸೋಲುತ್ತದೆ. 1997ರಲ್ಲಿ ಬ್ರಿಟನ್ನಿನ ಡೆರೆಕ್ ಮ್ಯಾಕ್‌ಮಿನ್ ರೂಪಿಸಿದ ಬರ್ಮಿಂಗ್‌ಹ್ಯಾಂ ಕೀಲು ಈ ವರ್ಗದಲ್ಲೇ ಹೆಚ್ಚು ಯಶಸ್ವಿ ಎನಿಸಿಕೊಂಡದ್ದು. ಅದರ ತಯಾರಕ ಸಂಸ್ಥೆ ಸ್ಮಿತ್ ಅಂಡ್ ನೆಫ್ಯೂ ಕೂಡ 2015ರಲ್ಲಿ ಮಹಿಳೆಯರಿಗೂ, 46 ಮಿಲಿಮೀಟರ್ ಹಾಗೂ ಅದಕ್ಕಿಂತ ಚಿಕ್ಕ ಗಾತ್ರ ಬೇಕಾದ ಪುರುಷರಿಗೂ ಅದನ್ನು ಬಳಸಬಾರದೆಂದು ಹಿಂತೆಗೆದುಕೊಂಡಿತು. ಆ ತೀರ್ಮಾನಕ್ಕೆ ಬರಲು ಹದಿನೆಂಟು ವರ್ಷ ಹಿಡಿಯಿತು. ಸಣ್ಣ ಮೈಕಟ್ಟು ಸಾಮಾನ್ಯವಾಗಿರುವ ಭಾರತದಲ್ಲಿ ಈ ಗಾತ್ರದ ವಿಚಾರ ಎಷ್ಟು ಜನರನ್ನು ತಟ್ಟುತ್ತದೆ ಎಂಬುದು ಓದುಗರ ಊಹೆಗೆ ಬಿಟ್ಟದ್ದು.

ಅಂದ ಹಾಗೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬರ್ಮಿಂಗ್‌ಹ್ಯಾಂ ಕೀಲಿಗೆ ಅನುಮತಿ ಕೊಟ್ಟದ್ದು 2006ರಲ್ಲಿ. ಅದಕ್ಕೂ ಮುನ್ನ ಅಮೆರಿಕದ ರೋಗಿಗಳು ಈ ಶಸ್ತ್ರಚಿಕಿತ್ಸೆಗಾಗಿ ಚೆನ್ನೈಗೆ ವಿಮಾನ ಹತ್ತಿ ಬರುತ್ತಿದ್ದರು. ವೈದ್ಯಕೀಯ ಪ್ರವಾಸೋದ್ಯಮದ ಹೆಮ್ಮೆಯ ಉದಾಹರಣೆಯಾಗಿ ಅದನ್ನು ಆಗ ಬಣ್ಣಿಸಲಾಗುತ್ತಿತ್ತು.

4,700 ಮಂದಿ, ಸಿಕ್ಕವರು ಸಾವಿರದ ಆಸುಪಾಸು

ಇದೇ ಲೋಹಕ್ಕೆ ಲೋಹ ಉಜ್ಜುವ ವರ್ಗಕ್ಕೆ ಸೇರಿದ ಇನ್ನೊಂದು ಕೀಲು ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತಯಾರಿಸಿದ ಎಎಸ್‌ಆರ್. 2003ರಲ್ಲಿ ಮಾರುಕಟ್ಟೆಗೆ ಬಂದ ಇದು ರಿಸರ್ಫೇಸಿಂಗ್ ರೂಪದಲ್ಲೂ, ಬಳಿಕ ಪೂರ್ಣ ಕೀಲಿನ ರೂಪದಲ್ಲೂ ಮಾರಾಟವಾಯಿತು. ಬಟ್ಟಲಿನ ಅಂಚು ಕಿರಿದಾಗಿದ್ದುದರಿಂದ ಕೂರಿಸುವಾಗ ಕೋನ ಸ್ವಲ್ಪ ತಪ್ಪಿದರೂ ಗುಂಡು ಅಂಚಿಗೆ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಉದುರುತ್ತಿದ್ದವು. ಕಣಗಳು ಸುತ್ತಲಿನ ಸ್ನಾಯುವನ್ನು ಕೊಳೆಸಿದ, ರಕ್ತಕ್ಕೂ ಸೇರಿದ ಪ್ರಕರಣಗಳು ಒಂದೊಂದಾಗಿ ಹೊರಬಂದವು.

ಮೊದಲು ಎಚ್ಚರಿಕೆಯ ಗಂಟೆ ಬಾರಿಸಿದ್ದು ಆಸ್ಟ್ರೇಲಿಯದ ರಾಷ್ಟ್ರೀಯ ನೋಂದಣಿ. 2009ರ ಡಿಸೆಂಬರಿನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಎಎಸ್‌ಆರ್ ಹಿಂತೆಗೆಯಲಾಯಿತು. 2010ರ ಆಗಸ್ಟಿನಲ್ಲಿ ಕಂಪನಿ ವಿಶ್ವದಾದ್ಯಂತ ವಾಪಸಾತಿ ಪ್ರಕಟಿಸಿತು. ಇಂಗ್ಲೆಂಡಿನ ನೋಂದಣಿಯ ಪ್ರಕಾರ ಐದೇ ವರ್ಷಗಳಲ್ಲಿ ರಿಸರ್ಫೇಸಿಂಗ್ ರೂಪದ ಶೇ 12 ಮತ್ತು ಪೂರ್ಣ ರೂಪದ ಶೇ 13 ಕೀಲುಗಳನ್ನು ಬದಲಾಯಿಸಬೇಕಾಗಿ ಬಂದಿತ್ತು. ಜಗತ್ತಿನಾದ್ಯಂತ ಅಷ್ಟರಲ್ಲಿ ಸುಮಾರು 93 ಸಾವಿರ ಜನರ ಸೊಂಟದಲ್ಲಿ ಎಎಸ್‌ಆರ್ ಕೂತಿತ್ತು. ಅಮೆರಿಕದಲ್ಲಿ ಮರುಶಸ್ತ್ರಚಿಕಿತ್ಸೆಗೆ ಒಳಗಾದ ಸಾವಿರಾರು ರೋಗಿಗಳ ಮೊಕದ್ದಮೆಗಳನ್ನು ಇತ್ಯರ್ಥಪಡಿಸಲು ಕಂಪನಿ 2013ರಲ್ಲಿ ಸುಮಾರು 250 ಕೋಟಿ ಡಾಲರ್ ಕೊಡಲು ಒಪ್ಪಿತು.

ಭಾರತದಲ್ಲಿ ಈ ಕೀಲು ಹಾಕಿಸಿಕೊಂಡವರು ಸುಮಾರು 4,700. ಇಲ್ಲಿನ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಪ್ರಕಟಣೆ ಹೊರಡಿಸಿದ್ದು 2013ರ ಕೊನೆಯಲ್ಲಿ, ಅಂದರೆ ಜಾಗತಿಕ ವಾಪಸಾತಿಯ ಮೂರು ವರ್ಷದ ನಂತರ. ರೋಗಿಗಳ ದೂರು ಹೆಚ್ಚಿದ ಬಳಿಕ 2017ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಡಾ. ಅರುಣ್ ಕುಮಾರ್ ಅಗರ್‌ವಾಲ್ ನೇತೃತ್ವದ ತಜ್ಞರ ಸಮಿತಿ ರಚಿಸಿತು; 2018ರಲ್ಲಿ ವರದಿ ಬಂತು. 4,700 ಮಂದಿಯಲ್ಲಿ ಪತ್ತೆಯಾಗಿದ್ದವರು ಸಾವಿರದ ಆಸುಪಾಸು ಮಾತ್ರ. ಉಳಿದ ಸುಮಾರು 3,600 ಜನ ಎಲ್ಲಿದ್ದಾರೆ, ಹೇಗಿದ್ದಾರೆ, ತಮ್ಮ ಸೊಂಟದಲ್ಲಿರುವುದು ಯಾವ ಕೀಲು ಎಂಬುದಾದರೂ ಅವರಿಗೆ ಗೊತ್ತಿದೆಯೇ ಎಂಬುದಕ್ಕೆ ಉತ್ತರ ದೊರೆಯಲಿಲ್ಲ.

ಪರಿಹಾರದ ಕಥೆಯೂ ಕುಂಟುತ್ತಲೇ ಸಾಗಿತು. ವಯಸ್ಸು ಮತ್ತು ಅಂಗವಿಕಲತೆಯ ಪ್ರಮಾಣ ಆಧರಿಸಿ 30 ಲಕ್ಷದಿಂದ ಸುಮಾರು 1.23 ಕೋಟಿ ರೂಪಾಯಿವರೆಗೆ ಪರಿಹಾರ ನೀಡುವ ಸೂತ್ರವನ್ನು ಸರ್ಕಾರ 2018ರ ನವೆಂಬರಿನಲ್ಲಿ ಒಪ್ಪಿತು. ಕಂಪನಿ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2019ರಲ್ಲಿ, ಮರುಶಸ್ತ್ರಚಿಕಿತ್ಸೆ ಆಗಿರುವುದು ದೃಢಪಟ್ಟ 67 ರೋಗಿಗಳಿಗೆ ತಲಾ 25 ಲಕ್ಷ ರೂಪಾಯಿ ಕೊಡಲು ಸಿದ್ಧವೆಂದು ನ್ಯಾಯಾಲಯಕ್ಕೆ ತಿಳಿಸಿತು. 4,700ರಿಂದ 67ಕ್ಕೆ ಇಳಿದ ಈ ಇಳಿಜಾರಿನಲ್ಲಿ ಕಂಪನಿಯ ಪಾಲೆಷ್ಟು, ನಿಯಂತ್ರಕರ ಪಾಲೆಷ್ಟು ಎಂಬುದು ವಾದದ ವಿಷಯ. ದಾಖಲೆ ಇಲ್ಲದಿದ್ದುದರ ಪಾಲು ದೊಡ್ಡದು ಎಂಬುದರಲ್ಲಿ ಮಾತ್ರ ವಾದವಿಲ್ಲ.

ಇಲ್ಲಿನ ರೋಗಿ ಬೇರೆ

ಕೀಲು ಬದಲಾವಣೆ ಎಂದರೆ ಭಾರತೀಯರಿಗೆ ನೆನಪಾಗುವುದು ಮಂಡಿ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರಿಗೆ 2000 ಮತ್ತು 2001ರಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ನಡೆದ ಮಂಡಿ ಶಸ್ತ್ರಚಿಕಿತ್ಸೆ ಮನೆಮಾತಾಗಿತ್ತು. ಸೊಂಟಕ್ಕೆ ಅಂಥ ಪ್ರಸಿದ್ಧಿ ಇಲ್ಲ. ಭಾರತದ ಸೊಂಟ ಮತ್ತು ಮಂಡಿ ಶಸ್ತ್ರವೈದ್ಯರ ಸಂಘ 2006ರಲ್ಲಿ ಆರಂಭಿಸಿದ ಸ್ವಯಂಪ್ರೇರಿತ ನೋಂದಣಿಯ 2013ರ ಪ್ರಾಥಮಿಕ ವರದಿಯಲ್ಲಿ ಮಂಡಿಯ ದಾಖಲೆಗಳು 34 ಸಾವಿರ ದಾಟಿದ್ದರೆ ಸೊಂಟದವು ಸುಮಾರು 3,600 ಇದ್ದವು. ಪಶ್ಚಿಮದ ದೇಶಗಳಲ್ಲಿ ಎರಡರ ನಡುವೆ ಇಂಥ ಅಂತರವಿಲ್ಲ.

ಆ ವರದಿಯಲ್ಲಿ ಇನ್ನೂ ಮಹತ್ವದ ಮಾಹಿತಿಯೊಂದಿತ್ತು. ಪಶ್ಚಿಮದಲ್ಲಿ ಸೊಂಟದ ಕೀಲು ಬದಲಾವಣೆಗೆ ಮುಖ್ಯ ಕಾರಣ ವಯಸ್ಸಿನೊಂದಿಗೆ ಬರುವ ಸವೆತದ ಸಂಧಿವಾತ. ಭಾರತದ ದಾಖಲೆಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಕಾರಣ ಏವಿಎನ್, ಅಂದರೆ ರಕ್ತಸಂಚಾರ ನಿಂತು ತೊಡೆಮೂಳೆಯ ಗುಂಡು ಸಾಯುವ ರೋಗ. ಸ್ಟೀರಾಯ್ಡ್ ಔಷಧದ ಅತಿಬಳಕೆ, ಮದ್ಯಪಾನ, ಅಪಘಾತ ಇದಕ್ಕೆ ಸಾಮಾನ್ಯ ಕಾರಣಗಳು. ಮೈಸೂರು, ಚಾಮರಾಜನಗರ ಭಾಗದ ಆದಿವಾಸಿ ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯೂ ಒಂದು ಕಾರಣ. ಕೋವಿಡ್ ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಏವಿಎನ್ ಕಾಣಿಸಿಕೊಂಡ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಬೆನ್ನುಹುರಿಯ ಕೀಲುಗಳನ್ನು ಬೆಸೆದುಬಿಡುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ರುಮಟಾಯ್ಡ್ ಸಂಧಿವಾತಗಳ ಪಾಲೂ ಇದೆ. ಈ ರೋಗಗಳು ಹಿಡಿಯುವುದು ದುಡಿಯುವ ವಯಸ್ಸಿನವರನ್ನು, ಮೂವತ್ತರಿಂದ ಐವತ್ತರೊಳಗಿನವರನ್ನು.

ಏವಿಎನ್‌ನ ಆರಂಭದಲ್ಲಿ ಬಟ್ಟಲು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಗುಂಡು ಮಾತ್ರವಾದರೆ ಬಟ್ಟಲಿಗೇಕೆ ಕೈಹಾಕಬೇಕು? ಈ ತರ್ಕದ ಮೇಲೆ ಇಂಥ ರೋಗಿಗಳಿಗೆ ಬೈಪೋಲಾರ್ ಅರ್ಧ ಕೀಲು ಹಾಕುವುದು ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ಅಗ್ಗ ಎಂಬುದೂ ಅದರ ಪರವಾದ ವಾದವಾಗಿತ್ತು. ಆದರೆ ಲೋಹದ ಗುಂಡು ಯುವ ರೋಗಿಯ ಬಟ್ಟಲನ್ನು ವರ್ಷ ವರ್ಷ ಕೊರೆಯುತ್ತ ಹೋಗುತ್ತದೆ, ತೊಡೆಸಂದು ನೋಯುತ್ತದೆ, ಕೊನೆಗೆ ಪೂರ್ಣ ಕೀಲಿಗೇ ಬದಲಾಯಿಸಬೇಕಾಗುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ವೃದ್ಧರ ಮುರಿತದಲ್ಲಿ ಕಾಣದೆ ಉಳಿದ ದೋಷ ಇಲ್ಲಿ ಕಣ್ಣಿಗೆ ಬಿತ್ತು. ರಿಸರ್ಫೇಸಿಂಗ್‌ಗಾದರೂ ಗುಂಡಿನ ಮೂಳೆ ಜೀವಂತವಾಗಿರಬೇಕು. ಸತ್ತ ಮೂಳೆಯ ಮೇಲೆ ಟೋಪಿ ಬಹುಕಾಲ ನಿಲ್ಲದು. ಭಾರತದಲ್ಲಿ ಯಾರಿಗೆ 'ಅರ್ಧ' ಚಿಕಿತ್ಸೆಯ ಆಕರ್ಷಣೆ ಹೆಚ್ಚೋ ಅವರಿಗೇ ಅದು ಕಡಿಮೆ ಒಗ್ಗುತ್ತದೆ.

25 ವರ್ಷದ ಅಂಕಿ

ಹಾಗಾದರೆ ಪೂರ್ಣ ಕೀಲಿನ ಗತಿ ಏನು? 2019ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಸಮೀಕ್ಷೆ ಆಸ್ಟ್ರೇಲಿಯ ಮತ್ತು ಫಿನ್‌ಲೆಂಡ್‌ಗಳ ನೋಂದಣಿ ದಾಖಲೆಗಳನ್ನು ಕಲೆಹಾಕಿ ಉತ್ತರ ಕೊಟ್ಟಿದೆ. 15 ವರ್ಷದ ನಂತರ ಶೇ 89, 20 ವರ್ಷದ ನಂತರ ಶೇ 70, 25 ವರ್ಷದ ನಂತರ ಶೇ 58 ಕೀಲುಗಳು ಬದಲಾವಣೆ ಇಲ್ಲದೆ ಉಳಿದಿದ್ದವು. ಜತೆಯಲ್ಲೇ ಬಂದ ಮಂಡಿಯ ಸಮೀಕ್ಷೆಯೂ ಇಲ್ಲಿ ಉಲ್ಲೇಖನೀಯ. 25 ವರ್ಷದ ನಂತರ ಪೂರ್ಣ ಮಂಡಿ ಕೀಲುಗಳಲ್ಲಿ ಶೇ 82 ಉಳಿದಿದ್ದರೆ, ಅರ್ಧ ಮಂಡಿ ಕೀಲುಗಳಲ್ಲಿ ಉಳಿದದ್ದು ಶೇ 70.

ಎಪ್ಪತ್ತರ ವೃದ್ಧರಿಗೆ ಇದು ಸಮಾಧಾನದ ಅಂಕಿ. 2017ರ ಮತ್ತೊಂದು ಬ್ರಿಟಿಷ್ ಅಧ್ಯಯನದ ಪ್ರಕಾರ 70 ದಾಟಿದ ಮೇಲೆ ಕೀಲು ಹಾಕಿಸಿಕೊಂಡವರಿಗೆ ಜೀವಮಾನದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಶೇ 5ರಷ್ಟು. ಐವತ್ತರ ಆರಂಭದ ಪುರುಷರಲ್ಲಿ ಅದು ಶೇ 35ರವರೆಗೆ ಏರುತ್ತದೆ. ಮೂವತ್ತೈದರ ಏವಿಎನ್ ರೋಗಿಗೆ ಇನ್ನೆಷ್ಟು? ಅವರ ಮುಂದೆ ನಲವತ್ತು ವರ್ಷದ ಬದುಕಿದೆ. ಅದರಲ್ಲಿ ಹೊಲದ ಕೆಲಸ, ಚಕ್ಕಳಮಕ್ಕಳ ಹಾಕಿ ಕೂರುವ ಊಟ, ಕುಕ್ಕರಗಾಲಿನ ಶೌಚಾಲಯ ಎಲ್ಲವೂ ಇವೆ. ಫಿನ್‌ಲೆಂಡಿನ ದಾಖಲೆ ಇವನ್ನು ಅಳೆದಿಲ್ಲ.

ಮರುಶಸ್ತ್ರಚಿಕಿತ್ಸೆಯನ್ನೇ ಸೋಲಿನ ಅಳತೆಗೋಲಾಗಿ ಬಳಸುವುದರಲ್ಲಿ ಇನ್ನೊಂದು ಮರೆಮಾಚಿದ ಅಂಶವಿದೆ. ಸರ್ಕಾರಿ ವೆಚ್ಚದಲ್ಲಿ ಚಿಕಿತ್ಸೆ ಸಿಗುವ ದೇಶದಲ್ಲಿ ಕೀಲು ಸಡಿಲವಾದ ರೋಗಿ ಆಸ್ಪತ್ರೆಗೆ ಮರಳುತ್ತಾನೆ, ಲೆಕ್ಕಕ್ಕೆ ಸಿಗುತ್ತಾನೆ. ಇಲ್ಲಿ ಎರಡನೆಯ ಸಲಕ್ಕೆ ಹಣವಿಲ್ಲದವರು ನೋವಿನ ಮಾತ್ರೆ ನುಂಗುತ್ತ, ಊರುಗೋಲು ಹಿಡಿದು ಮನೆಯಲ್ಲಿ ಉಳಿಯುತ್ತಾರೆ. ಮರುಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟದ್ದು, ದುಬಾರಿ, ಫಲಿತಾಂಶವೂ ಕಡಿಮೆ. ಬದಲಾವಣೆ ಆಗಲಿಲ್ಲ ಎಂಬ ಕಾರಣಕ್ಕೆ ಅಂಥ ಕೀಲನ್ನು ಯಶಸ್ವಿ ಎಂದು ಎಣಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಬರೆದಿಟ್ಟವರು ಪಡೆದದ್ದು

ಸ್ವೀಡನ್ ಸೊಂಟದ ಕೀಲುಗಳ ರಾಷ್ಟ್ರೀಯ ನೋಂದಣಿ ಆರಂಭಿಸಿದ್ದು 1979ರಲ್ಲಿ. ಫಿನ್‌ಲೆಂಡ್ 1980ರಲ್ಲಿ, ನಾರ್ವೆ 1987ರಲ್ಲಿ, ಆಸ್ಟ್ರೇಲಿಯ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ ಅದನ್ನೇ ಮಾಡಿದವು. ಇಂಗ್ಲೆಂಡಿನ ನೋಂದಣಿಯಲ್ಲಿ 30 ಲಕ್ಷಕ್ಕೂ ಹೆಚ್ಚು ಕೀಲುಗಳ ದಾಖಲೆ ಇದೆ. ಯಾವ ಕಂಪನಿಯ ಯಾವ ಮಾದರಿ ಎಷ್ಟು ಬೇಗ ಕೆಡುತ್ತಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಬ್ರಿಟನ್ನಿನ ಆರೋಗ್ಯ ಮಾನದಂಡ ಸಂಸ್ಥೆ ನೈಸ್, ಹತ್ತು ವರ್ಷದಲ್ಲಿ ಶೇ 10ರೊಳಗೆ ಮರುಶಸ್ತ್ರಚಿಕಿತ್ಸೆ ಬೇಕಾಗುವ ಕೀಲನ್ನು ಮಾತ್ರ ಬಳಸಬೇಕೆಂದು 2000ರಲ್ಲಿ ಹೇಳಿತ್ತು. 2014ರಲ್ಲಿ ಅದನ್ನು ಶೇ 5ಕ್ಕೆ ಬಿಗಿಗೊಳಿಸಿತು. ಲೆಕ್ಕ ಇದ್ದುದರಿಂದಲೇ ಮಿತಿಯನ್ನು ಬಿಗಿಗೊಳಿಸಲು ಸಾಧ್ಯವಾಯಿತು.

ಭಾರತದಲ್ಲಿ ಏನೂ ನಡೆದಿಲ್ಲವೆಂದಲ್ಲ. ವೈದ್ಯಕೀಯ ಸಾಧನಗಳಿಂದ ಆಗುವ ತೊಂದರೆಗಳನ್ನು ವರದಿ ಮಾಡುವ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ 2015ರಲ್ಲಿ ಶುರುವಾಯಿತು. ವೈದ್ಯಕೀಯ ಸಾಧನಗಳ ನಿಯಮಾವಳಿ 2018ರ ಜನವರಿಯಿಂದ ಜಾರಿಗೆ ಬಂತು. 2017ರ ಆಗಸ್ಟಿನಲ್ಲಿ ಮಂಡಿ ಕೀಲುಗಳಿಗೆ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿತು. ಸೊಂಟದ ಕೀಲು ಆ ಆದೇಶದಲ್ಲಿ ಇರಲಿಲ್ಲ. ಆದರೆ ತೊಂದರೆಯ ವರದಿ ಮತ್ತು ನೋಂದಣಿ ಎರಡೂ ಒಂದಲ್ಲ. ಕೆಟ್ಟ ಕೀಲುಗಳ ಪಟ್ಟಿ ಮಾತ್ರ ಇದ್ದು, ಒಟ್ಟು ಎಷ್ಟು ಹಾಕಲಾಯಿತು ಎಂಬುದೇ ಗೊತ್ತಿಲ್ಲದಿದ್ದರೆ ಶೇಕಡಾವಾರು ತೆಗೆಯುವುದಾದರೂ ಹೇಗೆ? ವೈದ್ಯರ ಸಂಘದ ನೋಂದಣಿಗೆ ಮಾಹಿತಿ ಕೊಡುವುದು ಶಸ್ತ್ರವೈದ್ಯರ ಇಚ್ಛೆಗೆ ಬಿಟ್ಟದ್ದು. ಚೆನ್ನಾಗಿ ಮಾಡುವವರು, ಹೆಚ್ಚು ಮಾಡುವವರು ಕೊಡುತ್ತಾರೆ. ಉಳಿದವರ ಫಲಿತಾಂಶ ಕತ್ತಲಲ್ಲೇ ಉಳಿಯುತ್ತದೆ.

ರಾಜ್ಯದ ಮಟ್ಟದಲ್ಲಿ ಒಂದು ದಾರಿ ತೆರೆದೇ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ಇಂಥ ಯೋಜನೆಗಳಲ್ಲಿ ಬಿಲ್ಲಿನ ಜತೆ ಕೀಲಿನ ಡಬ್ಬಿಯ ಸ್ಟಿಕ್ಕರ್ ಲಗತ್ತಿಸುವುದು ರೂಢಿ. ತಯಾರಕರ ಹೆಸರು, ಮಾದರಿ, ಬ್ಯಾಚ್ ಸಂಖ್ಯೆ ಅದರಲ್ಲೇ ಇರುತ್ತವೆ. ರೋಗಿಯ ಗುರುತಿನ ಸಂಖ್ಯೆಯೂ ಕಡತದಲ್ಲಿರುತ್ತದೆ. ಅದೇ ರೋಗಿ ಅದೇ ಸೊಂಟಕ್ಕೆ ಮತ್ತೆ ದಾಖಲಾದಾಗ ಎರಡು ಕಡತಗಳನ್ನು ಜೋಡಿಸಿದರೆ ನೋಂದಣಿಯ ಅರ್ಧ ಕೆಲಸ ಮುಗಿಯುತ್ತದೆ. ಹಣ ಪಾವತಿಗೆಂದು ಸಂಗ್ರಹಿಸಿದ ಮಾಹಿತಿಯನ್ನು ಬಾಳಿಕೆಯ ಲೆಕ್ಕಕ್ಕೆ ಬಳಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಕೈಯಿಂದ ಹಣ ಕೊಟ್ಟವರು ಈ ಲೆಕ್ಕದ ಹೊರಗೇ ಉಳಿಯುತ್ತಾರೆ ಎಂಬುದು ನಿಜ. ಅವರನ್ನು ಒಳತರಲು ಕಾನೂನೇ ಬೇಕು.

ಅಲ್ಲಿಯವರೆಗೆ ದಾಖಲೆ ಕಾಯುವ ಹೊಣೆ ರೋಗಿಯ ಮನೆಯ ಮೇಲೇ ಬೀಳುತ್ತದೆ. ಕೀಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಸಾರಾಂಶಕ್ಕೆ ಅಂಟಿಸಿಕೊಡುವಂತೆ ಕೇಳಿ ಪಡೆಯುವುದು, ಅದರ ಪ್ರತಿಯನ್ನು ಪಡಿತರ ಚೀಟಿ, ಆಧಾರ್ ಜತೆ ಜೋಪಾನವಾಗಿಡುವುದು ಸಣ್ಣ ಕೆಲಸವೆನಿಸಬಹುದು. ಎಎಸ್‌ಆರ್ ಪ್ರಕರಣದಲ್ಲಿ ಪರಿಹಾರ ಕೇಳಿದವರಿಗೆ ಮೊದಲು ಬೇಕಾದದ್ದು ತಮ್ಮೊಳಗೆ ಇರುವುದು ಅದೇ ಕೀಲು ಎಂಬುದಕ್ಕೆ ಪುರಾವೆ. 2010ಕ್ಕೂ ಮುನ್ನ ಲೋಹಕ್ಕೆ ಲೋಹ ಉಜ್ಜುವ ಕೀಲು ಹಾಕಿಸಿಕೊಂಡವರಲ್ಲಿ ತೊಡೆಸಂದಿನ ನೋವು, ಊತ ಕಾಣಿಸಿಕೊಂಡರೆ ರಕ್ತದಲ್ಲಿನ ಕೋಬಾಲ್ಟ್ ಮತ್ತು ಕ್ರೋಮಿಯಂ ಪರೀಕ್ಷೆ ಹಾಗೂ ಎಂಆರ್‌ಐ ತಪಾಸಣೆ ಮಾಡಿಸಬೇಕಾಗುತ್ತದೆ. ಲೋಹದ ಪ್ರಮಾಣ ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ನಿಗಾ ಅಗತ್ಯವೆಂದು ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2010ರಲ್ಲೇ ಸೂಚಿಸಿತ್ತು. ಪತ್ತೆಯಾಗದೆ ಉಳಿದ 3,600 ಮಂದಿಯಲ್ಲಿ ಯಾರಾದರೂ ಇಂದು ಹೀಗೆ ನೋವೆಂದು ಯಾವುದೋ ಊರಿನ ಮೂಳೆ ತಜ್ಞರ ಬಳಿ ಹೋದರೆ, ಯಾವ ಕೀಲು ಎಂಬ ವೈದ್ಯರ ಮೊದಲ ಪ್ರಶ್ನೆಗೆ ಉತ್ತರಿಸಲು ಅವರ ಬಳಿ ಹಳೆಯ ಎಕ್ಸ್‌ರೇ ಒಂದಿದ್ದರೆ ಅದೇ ಹೆಚ್ಚು.